ಕ್ಯಾಂಪಸ್ಸಿಗೇ ಒಂದು ಪೊಲೀಸ್ ಇಲಾಖೆ

ನಮ್ಮ ಕಾಲೇಜು ಗೇಟಿನ ಸೆಕ್ಯೂರಿಟಿಯವರು ಐಡಿ ಕಾರ್ಡ್ ಕೇಳಬಹುದು, ಬೈಕ್ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಊರಿನ ಠಾಣೆಯೇ ಬೇಕು. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲ. ಅಲ್ಲಿ ವಿಶ್ವವಿದ್ಯಾಲಯದ್ದೇ ಪೊಲೀಸ್ ಇಲಾಖೆ ಇರುತ್ತೆ. ಸಂಬಳ ಕೊಡೋದು ವಿಶ್ವವಿದ್ಯಾಲಯ, ಬಂಧಿಸುವ ಅಧಿಕಾರ ಕೊಡೋದು ರಾಜ್ಯದ ಕಾನೂನು, ಸೊಂಟದಲ್ಲಿ ಸಾಮಾನ್ಯವಾಗಿ ಪಿಸ್ತೂಲು. 2011-12ರಲ್ಲಿ ಅಲ್ಲಿನ ನ್ಯಾಯ ಇಲಾಖೆ 2,500ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಾಲೇಜುಗಳ ಸಮೀಕ್ಷೆ ಮಾಡಿತ್ತು. ಸರ್ಕಾರಿ ಕಾಲೇಜುಗಳಲ್ಲಿ ಶೇ. 92ರಷ್ಟು ಕಡೆ ಇಂಥ ಪೊಲೀಸರಿದ್ದರು, ಖಾಸಗಿಯಲ್ಲಿ ಶೇ. 38ರಷ್ಟು ಕಡೆ ಮಾತ್ರ.

ತಮಾಷೆ ಅಂದ್ರೆ ಇದು ಶುರುವಾಗಿದ್ದು ಖಾಸಗಿ ವಿಶ್ವವಿದ್ಯಾಲಯದಲ್ಲಿ. 1894ರಲ್ಲಿ ನ್ಯೂ ಹೇವನ್ ನಗರದ ಇಬ್ಬರು ಪೊಲೀಸರನ್ನು ಯೇಲ್ ಕ್ಯಾಂಪಸ್ಸಿಗೆ ನೇಮಿಸಲಾಯಿತು. ಊರಿನವರಿಗೂ ವಿದ್ಯಾರ್ಥಿಗಳಿಗೂ ಆಗಿಬರುತ್ತಿರಲಿಲ್ಲ. ಉಳಿದ ಕಡೆ ದಶಕಗಟ್ಟಲೆ ಇದ್ದದ್ದು ಕಾವಲುಗಾರರು: ರಾತ್ರಿ ಬೀಗ ಹಾಕೋದು, ಎಲ್ಲಾದರೂ ಬೆಂಕಿ ಬಿದ್ದಿದೆಯಾ ನೋಡೋದು, ಅಷ್ಟೇ.

ಈ ಚಿತ್ರ ಬದಲಾಗಿದ್ದು 1960ರ ದಶಕದಲ್ಲಿ. 1964ರ ಅಕ್ಟೋಬರ್ 1ರಂದು ಬರ್ಕ್ಲಿಯಲ್ಲಿ ಜಾಕ್ ವೈನ್‌ಬರ್ಗ್ ಎಂಬ ಯುವಕ ನಾಗರಿಕ ಹಕ್ಕುಗಳ ಸಂಘಟನೆಯ ಮೇಜು ಹಾಕಿಕೊಂಡು ಕೂತಿದ್ದ. ಐಡಿ ಕೇಳಿದರೆ ತೋರಿಸಲಿಲ್ಲ (ಹೌದು, ಅಲ್ಲೂ ಐಡಿನೇ). ಅವನನ್ನು ಪೊಲೀಸ್ ಕಾರಿಗೆ ಹತ್ತಿಸಿದರು. ವಿದ್ಯಾರ್ಥಿಗಳು ಕಾರಿನ ಸುತ್ತ ಕೂತುಬಿಟ್ಟರು. ಸುಮಾರು 32 ಗಂಟೆ ಆ ಕಾರು ಅಲ್ಲಾಡಲಿಲ್ಲ. ಅದರ ಮೇಲೆ ಹತ್ತಿ ಭಾಷಣ ಮಾಡುವವರು ಚಪ್ಪಡಿ ಹಾಳಾಗಬಾರದೆಂದು ಶೂ ಬಿಚ್ಚಿದ್ದರು!

ಎರಡು ವರ್ಷದ ನಂತರದ್ದು ಬೇರೆಯೇ ಭಯ. 1966ರ ಆಗಸ್ಟ್ 1ರಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿದ ಒಬ್ಬ ಬಂದೂಕುಧಾರಿ ಕೆಳಗೆ ಓಡಾಡುತ್ತಿದ್ದವರ ಮೇಲೆ ಸುಮಾರು ಒಂದೂವರೆ ಗಂಟೆ ಗುಂಡು ಹಾರಿಸಿದ. ಕ್ಯಾಂಪಸ್ ಕಾವಲುಗಾರರ ಬಳಿ ಆಯುಧವೇ ಇರಲಿಲ್ಲ. ಕೊನೆಗೆ ಅವನನ್ನು ಹೊಡೆದುರುಳಿಸಿದ್ದು ನಗರದ ಪೊಲೀಸರು. ಮರುವರ್ಷವೇ ಟೆಕ್ಸಾಸ್ ಶಾಸನಸಭೆ ವಿಶ್ವವಿದ್ಯಾಲಯಕ್ಕೆ ಸ್ವಂತ ಪೊಲೀಸ್ ಪಡೆ ಕಟ್ಟಲು ಕಾನೂನು ಮಾಡಿತು.

ಇನ್ನೊಂದು ಕಾರಣ 1970ರ ಮೇ 4. ಓಹಾಯೋದ ಕೆಂಟ್ ಸ್ಟೇಟ್‌ನಲ್ಲಿ ರಾಜ್ಯಪಾಲರು ಕಳಿಸಿದ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿಗೆ ಗಾಯ. ಹೊರಗಿನಿಂದ ಬಂದವರಿಗೆ ಎದುರಿಗಿರೋದು ಗುಂಪು ಮಾತ್ರ. ನಮ್ಮವರೇ ಪೊಲೀಸರಾದರೆ ಹುಡುಗರ ಮುಖ ಪರಿಚಯ ಇರುತ್ತೆ ಎಂಬ ವಾದಕ್ಕೆ ಬಲ ಬಂತು. ಹತ್ತಾರು ರಾಜ್ಯಗಳು ಆಸುಪಾಸಿನ ವರ್ಷಗಳಲ್ಲಿ ಇಂಥ ಕಾನೂನು ತಂದವು. ನಮಗೂ ಈ ವಾದ ಮೊದಲ ಓದಿಗೆ ಸರಿ ಅಂತಲೇ ಕಾಣುತ್ತೆ.

ಆದರೆ 2011ರ ನವೆಂಬರ್ 18ರ ಡೇವಿಸ್ ವಿಡಿಯೋ ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳು ನೆಲದ ಮೇಲೆ ಸಾಲಾಗಿ ಕೂತಿದ್ದಾರೆ. ಅಧಿಕಾರಿಯೊಬ್ಬರು ಗಿಡಕ್ಕೆ ಔಷಧಿ ಹೊಡೆದ ಹಾಗೆ ಅವರ ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆಯುತ್ತಾ ಹೋಗುತ್ತಾರೆ. ಆ ಅಧಿಕಾರಿ ಹೊರಗಿನವರಲ್ಲ, ಕ್ಯಾಂಪಸ್ ಪೊಲೀಸ್! ತನಿಖಾ ಸಮಿತಿ ಇದನ್ನು ತಪ್ಪಿಸಬಹುದಿತ್ತು ಎಂದಿತು. ಬಲಪ್ರಯೋಗ ಬೇಡ ಎಂಬುದನ್ನು ಕುಲಪತಿ ಪೊಲೀಸರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ ಎಂದೂ ವರದಿಯಲ್ಲಿದೆ. ಅಂದರೆ ಪೊಲೀಸರು ಮನೆಯವರೇ ಆದರೂ ಮನೆಯ ಯಜಮಾನರ ಮಾತು ಅವರವರೆಗೆ ತಲುಪಿರಲಿಲ್ಲ. ವಿಶ್ವವಿದ್ಯಾಲಯ ಕೊನೆಗೆ ಸುಮಾರು 10 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಈ ಪೊಲೀಸರ ಕೆಲಸ ಹೊರಗಿನವರಿಗೆ ಕಾಣುವಂತೆ ಮಾಡುವ ಒಂದು ಕಾನೂನೂ ಇದೆ. 1986ರಲ್ಲಿ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದ ಜೀನ್ ಕ್ಲೆರಿಯ ತಂದೆತಾಯಿ ಹೋರಾಡಿದ್ದರಿಂದ 1990ರಲ್ಲಿ ಬಂದದ್ದು. ಕ್ಯಾಂಪಸ್ಸಿನಲ್ಲಿ ಎಷ್ಟು ಕಳ್ಳತನ, ಎಷ್ಟು ಹಲ್ಲೆ ಅಂತ ಪ್ರತಿ ವರ್ಷ ಪ್ರಕಟಿಸಲೇಬೇಕು. ದಿನದ ಅಪರಾಧ ದಾಖಲೆಯನ್ನು ಯಾರು ಬೇಕಾದರೂ ಹೋಗಿ ಕೇಳಿ ನೋಡಬಹುದು. ಪೊಲೀಸರು ಎಷ್ಟು ಸಲ ಬಲ ಬಳಸಿದರು ಎಂಬುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಕಾಲಂ ಇಲ್ಲ.