ಸಣ್ಣ ವಿಮಾನವನ್ನು ಸಾಕುವುದು: ಒಂಬತ್ತನೆಯ ತರಗತಿಯಲ್ಲಿ ನಾಲ್ಕು ಪಾಠಗಳು

ಪಾಠಾಭ್ಯಾಸದ ಎರಡನೆಯ ವಾರದಲ್ಲಿ ನನಗೆ ವಹಿಸಿದ್ದ ಘಟಕ 'ನೂಕುಬಲ ಮತ್ತು ಒತ್ತಡ'. ಶಾಲೆ ಹುಬ್ಬಳ್ಳಿಯದು, ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ತೀರ ದೂರವಿಲ್ಲ. ಕಪ್ಪು ಹಲಗೆಯ ಮೇಲೆ ಒತ್ತಡದ ಸೂತ್ರ ಬರೆಯುತ್ತಿದ್ದಾಗ ವಿಮಾನದ ಸದ್ದು ಕೇಳಿತು. ಕಿಟಕಿಯ ಕಡೆಯ ಎರಡು ಸಾಲು ಪೂರ್ತಿ ಅತ್ತ ತಿರುಗಿತು. ಸದ್ದು ಇಳಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ಒಬ್ಬ ಮನಷ್ಯಾ ತನಗಂತ ಒಂದು ಇಮಾನ ಇಟ್ಕೋಬಹುದೇನ್ರಿ?"

ತರಗತಿ ನಕ್ಕಿತು, ನಾನೂ ನಕ್ಕೆ. ಹಾಗೆ ನಗಬಾರದಿತ್ತು ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು. ಆ ಪ್ರಶ್ನೆಯನ್ನೇ ಹಿಡಿದು ಉಳಿದ ಅವಧಿಗಳನ್ನು ಯೋಜಿಸಲು ಸೂಚಿಸಿದವರೂ ಅವರೇ. ಹೀಗೆ ನಾಲ್ಕು ಪಾಠಗಳಾದವು. ಅವುಗಳಲ್ಲಿ ಎರಡನೆಯದು ಕೆಟ್ಟಿತು. ಅದೂ ಸೇರಿದಂತೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠಕ್ಕೆ ಬೇಕಾದ ಹಿನ್ನೆಲೆ ಹುಡುಕಲು ಕನ್ನಡ ನಾಡನ್ನು ಬಿಟ್ಟು ದೂರ ಹೋಗಬೇಕಾಗಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ಚೀಲ ತಂದದ್ದು ಪಠ್ಯಗಳಲ್ಲಿ ಬರುತ್ತದೆ. ಮುಂಬಯಿಯಿಂದ ಮುಂದಕ್ಕೆ ಮದ್ರಾಸಿನವರೆಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರು ನಡುವೆ ಇಳಿದ ಊರು ನಮ್ಮ ಬಳ್ಳಾರಿ. ಅವರ ಪುಸ್ ಮಾತ್ ವಿಮಾನ ಒಂದೇ ಎಂಜಿನ್ನಿನದು, ಖಾಸಗಿ ಮಾಲೀಕರು ಕೊಂಡು ಹಾರಿಸಲೆಂದೇ ಇಂಗ್ಲೆಂಡಿನಲ್ಲಿ ಮಾಡಿದ್ದು. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯ ಮೇಲೆ ಎಂದಾಗ ತರಗತಿ ಮೊದಲ ಸಲ ಪೂರ್ತಿ ಸುಮ್ಮನಾಯಿತು.

ಎರಡನೆಯ ಉದಾಹರಣೆ 'ಪುಷ್ಪಕ್'. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಎರಡು ಆಸನದ ವಿಮಾನ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿತು. ಅದರ ಎಂಜಿನ್ 90 ಅಶ್ವಶಕ್ತಿಯದು, ಹೊದಿಕೆ ಬಟ್ಟೆಯದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಇದರ ಮೇಲೆಯೇ ಹಾರಲು ಕಲಿಯಿತು. ಇಂದಿನ ಸಣ್ಣ ಕಾರಿನ ಎಂಜಿನ್ನೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯದು ಎಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಸಾಧ್ಯವಾದರೆ ಕಾರಿನ ಕೈಪಿಡಿಯನ್ನು ತಂದು ತೋರಿಸಬೇಕು. ಬಳಿಕ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 'ಹಂಸ', ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಇತ್ತೀಚೆಗೆ ಬೆಳಗಾವಿ ಮತ್ತು ಕಲಬುರಗಿಗೆ ಬಂದ ತರಬೇತಿ ಶಾಲೆಗಳು. ಇವನ್ನು ಭೂಪಟದ ಮೇಲೆ ತೋರಿಸಿ ಮುಂದೆ ಸಾಗಿದೆ.

ಅನಂತರ ಹುಡುಗನ ಪ್ರಶ್ನೆ. ಇಟ್ಟುಕೊಳ್ಳಬಹುದು, ಆದರೆ ಎಮ್ಮೆ ಕಟ್ಟಿದವರಿಗೆ ಮೇವಿನ ಚಿಂತೆ ಇದ್ದಂತೆ ಇದಕ್ಕೂ ಒಂದು ಚಿಂತೆ ಇದೆ ಎಂದು ಆರಂಭಿಸಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ನೋಂದಣಿಯಾಗಬೇಕು. ಭಾರತದ ವಿಮಾನಕ್ಕೆ 'ವಿ.ಟಿ.' ಎಂದು ಆರಂಭವಾಗುವ ಗುರುತು ಸಿಗುತ್ತದೆ. ಹಾರಲು ಯೋಗ್ಯ ಎಂಬ ಪ್ರಮಾಣಪತ್ರ ಬೇಕು, ಅದರ ಮರುಪರಿಶೀಲನೆ ಕಾಲಕಾಲಕ್ಕೆ ನಡೆಯಬೇಕು. ವಿಮೆ ಬೇಕು. ಮಳೆ ಬಿಸಿಲಿನಿಂದ ಕಾಯಲು ಹ್ಯಾಂಗರ್ ಬೇಕು. ಇವೆಲ್ಲ ವಿಮಾನ ಹಾರಿದರೂ ತಪ್ಪದ, ಹಾರದಿದ್ದರೂ ತಪ್ಪದ ಖರ್ಚು. ಹಾರಿದ ಪ್ರತಿ ಗಂಟೆಗೆ ಪೆಟ್ರೋಲ್, ಎಣ್ಣೆ ಮತ್ತು ಎಂಜಿನ್ನಿನ ಸವೆತ ಬೇರೆ.

ಇಲ್ಲಿ ಗಣಿತದ ರೇಖಾತ್ಮಕ ಸಮೀಕರಣ ತಾನಾಗಿ ಬರುತ್ತದೆ. ಲೆಕ್ಕಕ್ಕಾಗಿ ಮಾತ್ರ, ವರ್ಷದ ಸ್ಥಿರ ಖರ್ಚು 6 ಲಕ್ಷ ರೂಪಾಯಿ, ಗಂಟೆಯ ಖರ್ಚು 10,000 ರೂಪಾಯಿ ಎಂದು ಇಟ್ಟುಕೊಂಡೆವು. ವರ್ಷಕ್ಕೆ 50 ಗಂಟೆ ಹಾರಿಸಿದರೆ ಗಂಟೆಗೆ ಬೀಳುವುದು 22,000. 200 ಗಂಟೆ ಹಾರಿಸಿದರೆ 13,000. "ಹಂಗಾರ ನಾಕು ಮಂದಿ ಕೂಡಿ ತಗೋಬೇಕ್ರಿ" ಎಂದಳು ಒಬ್ಬ ಹುಡುಗಿ. ಅವಳ ಮನೆಯವರು ಬೇರೆಯವರೊಡನೆ ಕೂಡಿ ಟ್ರ್ಯಾಕ್ಟರ್ ಕೊಂಡಿದ್ದರಂತೆ. ಫ್ಲೈಯಿಂಗ್ ಕ್ಲಬ್ ಎಂಬ ವ್ಯವಸ್ಥೆ ಏಕೆ ಹುಟ್ಟಿತು ಎಂದು ನಾನು ವಿವರಿಸಬೇಕಾಗಲೇ ಇಲ್ಲ. ನಾನು ಸೇರಿಸಿದ್ದು ಒಂದೇ ಮಾತು: ನಿಂತೇ ಇರುವ ವಿಮಾನದ ಎಂಜಿನ್ ಒಳಗೆ ತುಕ್ಕು ಹಿಡಿಯುತ್ತದೆ, ಹಾರಿಸದೆ ಉಳಿಸಿದ ಹಣ ಕೊನೆಗೆ ದುರಸ್ತಿಗೆ ಹೋಗುತ್ತದೆ.

ಎರಡನೆಯ ಪಾಠ ಮೇಲೆತ್ತುವ ಬಲದ್ದು. ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಆದ್ದರಿಂದ ಮೇಲಿನ ಗಾಳಿ ಹೆಚ್ಚು ದೂರ ಸಾಗಬೇಕು, ಕೆಳಗಿನ ಗಾಳಿಯೊಡನೆ ಒಂದೇ ವೇಳೆಗೆ ಹಿಂದಿನ ಅಂಚು ಸೇರಬೇಕು, ಹೀಗಾಗಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ನಾನು ಶಾಲೆಯಲ್ಲಿ ಕಲಿತದ್ದು ಹೀಗೆ, ಕಲಿಸಿದ್ದೂ ಹೀಗೆ. ಚಿತ್ರವೂ ಚೆನ್ನಾಗಿ ಬಂದಿತ್ತು. ಆಗ ಅದೇ ಹಿಂದಿನ ಬೆಂಚಿನಿಂದ: "ಸರ, ಬೆಂಗಳೂರು ಏರ್ ಶೋದಾಗ ತಲಿಕೆಳಗ ಹಾರಸ್ತಾರಲ್ರಿ, ಆವಾಗ ಕೆಳಗ ಬೀಳಬೇಕಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. "ಅದು ಬೇರೆ ವಿಷಯ" ಎಂದೆ. ಹೀಗೆ ಹೇಳಿದ ಶಿಕ್ಷಕರನ್ನು ನಾನೇ ಎಷ್ಟೋ ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ.

ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಾಗ ತಪ್ಪು ಎಲ್ಲಿದೆ ಎಂದು ತಿಳಿಯಿತು. ಒಂದೇ ವೇಳೆಗೆ ಸೇರಬೇಕೆಂದು ಗಾಳಿಗೆ ಯಾವ ನಿಯಮವೂ ಇಲ್ಲ. ನಿಜವಾಗಿ ಮೇಲಿನ ಗಾಳಿ ಮೊದಲೇ ಹಿಂದಿನ ಅಂಚು ತಲುಪುತ್ತದೆ. ರೆಕ್ಕೆ ಸ್ವಲ್ಪ ಓರೆಯಾಗಿ ಗಾಳಿಗೆ ಎದುರಾಗಿ ಅದನ್ನು ಕೆಳಕ್ಕೆ ತಿರುಗಿಸುತ್ತದೆ. ಕೆಳಕ್ಕೆ ತಳ್ಳಲ್ಪಟ್ಟ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ, ಇದು ಒಂಬತ್ತನೆಯ ತರಗತಿಯಲ್ಲೇ ಇರುವ ನ್ಯೂಟನ್ನನ ಮೂರನೆಯ ನಿಯಮ. ರೆಕ್ಕೆಯ ಮೇಲೆ ಒತ್ತಡ ಕಡಿಮೆ, ಕೆಳಗೆ ಹೆಚ್ಚು ಎಂಬುದೂ ನಿಜ. ಎರಡೂ ಒಂದೇ ಘಟನೆಯ ಎರಡು ವಿವರಣೆಗಳು. ತಲೆಕೆಳಗಾಗಿ ಹಾರಿಸುವವರು ಮೂತಿಯನ್ನು ಎತ್ತಿ ಹಿಡಿದು ಆ ಓರೆಯನ್ನು ಉಳಿಸಿಕೊಳ್ಳುತ್ತಾರೆ.

ಮರುದಿನ ಮೊದಲ ಕೆಲಸ, ನಿನ್ನೆ ಹೇಳಿದ್ದು ತಪ್ಪು ಎಂದು ಹೇಳಿ ಟಿಪ್ಪಣಿಯಲ್ಲಿ ಆ ಮೂರು ಸಾಲು ಹೊಡೆದುಹಾಕಿಸಿದ್ದು. ಬಳಿಕ ಪ್ರಯೋಗ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ತೂಕದ ಮರದ ತುಂಡು, ಅದಕ್ಕೆ ನೆಟ್ಟ ಕಡ್ಡಿಯ ತುದಿಗೆ ರಟ್ಟಿನ ರೆಕ್ಕೆ, ಎದುರಿಗೆ ಟೇಬಲ್ ಫ್ಯಾನ್. ರಟ್ಟು ಮಟ್ಟವಾಗಿದ್ದಾಗ ತೂಕದಲ್ಲಿ ವ್ಯತ್ಯಾಸವಿಲ್ಲ. ಮುಂದಿನ ಅಂಚನ್ನು ಸ್ವಲ್ಪ ಎತ್ತಿದರೆ ತಕ್ಕಡಿಯ ಅಂಕಿ ಇಳಿಯುತ್ತದೆ, ಇನ್ನಷ್ಟು ಎತ್ತಿದರೆ ಇನ್ನಷ್ಟು. ಒಂದು ಹಂತ ದಾಟಿದ ಮೇಲೆ ಎತ್ತಿದಷ್ಟೂ ಲಾಭವಿಲ್ಲ, ಹಿಂದಕ್ಕೆ ತಳ್ಳುವ ಬಲ ಮಾತ್ರ ಬೆಳೆಯುತ್ತದೆ. ವಿಮಾನದವರು ಇದಕ್ಕೆ 'ಸ್ಟಾಲ್' ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಒತ್ತಿ ಹೇಳಬೇಕು, ಬೈಕಿನ ಭಾಷೆಯಿಂದಾಗಿ ಮಕ್ಕಳು ಹಾಗೆಯೇ ತಿಳಿಯುತ್ತಾರೆ.

ಇದಾದ ಮೇಲೆ ಘಟಕದ ಲೆಕ್ಕ. ತರಬೇತಿಗೆ ಹೆಸರಾದ ಸೆಸ್ನಾ 152 ವಿಮಾನದ ಗರಿಷ್ಠ ತೂಕ 757 ಕಿಲೋಗ್ರಾಂ, ರೆಕ್ಕೆಯ ವಿಸ್ತೀರ್ಣ 14.9 ಚದರ ಮೀಟರ್. ಭಾಗಿಸಿದರೆ ಒಂದು ಚದರ ಮೀಟರಿಗೆ ಸುಮಾರು 51 ಕಿಲೋಗ್ರಾಂ, ಅಂದರೆ ಒಂದು ಸಿಮೆಂಟ್ ಚೀಲ. ಒತ್ತಡದಲ್ಲಿ ಹೇಳಿದರೆ ಸುಮಾರು 500 ಪಾಸ್ಕಲ್. ವಾಯುಮಂಡಲದ ಒತ್ತಡ ಒಂದು ಲಕ್ಷ ಪಾಸ್ಕಲ್‌ಗಿಂತ ತುಸು ಹೆಚ್ಚು. ಅದರ ಶೇಕಡಾ ಅರ್ಧದಷ್ಟು ವ್ಯತ್ಯಾಸ ಇಬ್ಬರನ್ನು ಹೊತ್ತ ವಿಮಾನವನ್ನು ಎತ್ತುತ್ತದೆ. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂಬುದು ಅವರಿಗೆ ತಲುಪಿದ್ದು ಈ ಲೆಕ್ಕದಿಂದ ಎಂದು ನನ್ನ ನಂಬಿಕೆ.

ಮೂರನೆಯ ಪಾಠ ನಿರ್ವಹಣೆಯದು. ನನಗೆ ಬಹಳ ಇಷ್ಟವಾದದ್ದು ಇದೇ. ಹಾರುವ ಮುನ್ನ ಪೈಲಟ್ ಟ್ಯಾಂಕಿನ ತಳದ ಕವಾಟದಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ಏಕೆ? ಪೆಟ್ರೋಲನ್ನು ತರಗತಿಗೆ ತರುವಂತಿಲ್ಲ, ತರಬಾರದು. ಒಂದು ಬಾಟಲಿಯಲ್ಲಿ ಕುಸುಬಿ ಎಣ್ಣೆ ಹಾಕಿ ಮೇಲಿನಿಂದ ನೀರು ಸುರಿದೆ. ನೀರು ಎಣ್ಣೆಯನ್ನು ಸೀಳಿಕೊಂಡು ತಳಕ್ಕೆ ಹೋಯಿತು. ವಿಮಾನದ ಪೆಟ್ರೋಲ್ ಒಂದು ಲೀಟರಿಗೆ ಸುಮಾರು 0.72 ಕಿಲೋಗ್ರಾಂ, ಎಣ್ಣೆಗಿಂತಲೂ ಹಗುರ. ಎಂಜಿನ್ನಿಗೆ ಹೋಗುವ ಕೊಳವೆಯೂ ಟ್ಯಾಂಕಿನ ತಳದ ಬಳಿಯೇ ಇರುವುದರಿಂದ ಮೊದಲು ಹೋಗುವುದು ನೀರು.

ನೀರು ಎಲ್ಲಿಂದ ಬಂತು? ಮುಚ್ಚಳದಿಂದ ಮಳೆ ಇಳಿಯಬಹುದು ಎಂದರು. ಇನ್ನೊಂದು ದಾರಿಯನ್ನು ತಣ್ಣೀರಿನ ಸ್ಟೀಲ್ ಲೋಟ ತೋರಿಸಿಕೊಟ್ಟಿತು. ಅರ್ಧ ಖಾಲಿ ಇರುವ ಟ್ಯಾಂಕಿನ ಗಾಳಿಯ ತೇವ ರಾತ್ರಿಯ ತಂಪಿಗೆ ಗೋಡೆಯ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ಹಲವರು ಸಂಜೆಯೇ ಟ್ಯಾಂಕ್ ತುಂಬಿಸಿಡುತ್ತಾರೆ. ಈಗ ಯೋಚನೆಯ ಪ್ರಶ್ನೆ: ಲೋಟದಲ್ಲಿ ಎರಡು ಪದರದ ನಡುವಿನ ಗೆರೆ ಕಾಣಲಿಲ್ಲ, ಹಾಗಾದರೆ ನೀರಿಲ್ಲ ಎನ್ನಬಹುದೇ? ಬಹುಪಾಲು ಕೈಗಳು 'ಹೌದು' ಎಂದು ಎದ್ದವು. ಟ್ರ್ಯಾಕ್ಟರಿನ ಮನೆಯ ಹುಡುಗಿ ಮಾತ್ರ, "ಪೂರಾ ನೀರ ಬಂದಿದ್ರ?" ಎಂದಳು. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಸೇರಿಸಿರುತ್ತಾರೆ. ಅದು ಯಾವ ಬಗೆಯ ಪೆಟ್ರೋಲ್ ಎಂದು ತಿಳಿಸುವ ಗುರುತು. ಲೋಟ ತುಂಬ ನೀರೇ ಬಂದಾಗ ಬಣ್ಣವಿಲ್ಲದ್ದು ಕಂಡು ಎಚ್ಚರವಾಗಲೂ ಅದು ನೆರವಾಗುತ್ತದೆ.

ಆವೀಕರಣದಿಂದ ತಂಪು ಎಂಬುದಕ್ಕೆ ಮಣ್ಣಿನ ಗಡಿಗೆಯ ಉದಾಹರಣೆ ಎಲ್ಲರೂ ಕೊಡುತ್ತೇವೆ. ಅದಕ್ಕೆ ಇದನ್ನೂ ಸೇರಿಸಬಹುದು: ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ಪೆಟ್ರೋಲ್ ಆವಿಯಾಗುವಾಗ, ಒತ್ತಡವೂ ಇಳಿಯುವಾಗ, ಉಷ್ಣತೆ 20 ಡಿಗ್ರಿಗೂ ಹೆಚ್ಚು ಬೀಳಬಹುದು. ಹೊರಗೆ ಹಿಮವಿಲ್ಲ, 22 ಡಿಗ್ರಿ ಇದೆ, ಜಿಟಿಜಿಟಿ ಮಳೆಯಿದೆ, ಅಂದರೆ ಜುಲೈ ತಿಂಗಳ ಧಾರವಾಡ. ಅಂಥಲ್ಲೇ ಎಂಜಿನ್ನಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ! ಹೊಗೆ ಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಬಿಡುವ ಒಂದು ಗುಂಡಿ ಪೈಲಟ್ಟಿನ ಮುಂದೆ ಇರುವುದು ಅದಕ್ಕಾಗಿ. 50 ಗಂಟೆಗೊಮ್ಮೆ ಎಣ್ಣೆ ಬದಲು, ಫಿಲ್ಟರ್ ಕತ್ತರಿಸಿ ಲೋಹದ ಚೂರಿದೆಯೇ ಎಂದು ನೋಡುವುದು, 100 ಗಂಟೆಯ ಪರಿಶೀಲನೆ, ಪರವಾನಗಿ ಪಡೆದ ಎಂಜಿನಿಯರ್ ಸಹಿ. ಇವನ್ನು ಪಟ್ಟಿಯಾಗಿ ಕೊಟ್ಟು ಮುಂದೆ ಹೋದೆ.

ಮನೆಗೆಲಸವಾಗಿ ಪ್ರತಿಯೊಬ್ಬರೂ ತಮ್ಮ ಸೈಕಲ್ಲಿಗೆ ಅಂಥದೇ ಒಂದು ತಪಾಸಣಾ ಪಟ್ಟಿ ಬರೆದು, ಓದಿಕೊಂಡು, ಮುಟ್ಟಿ ನೋಡಿ ಗುರುತು ಹಾಕಬೇಕಿತ್ತು. ಮೂರು ಸೈಕಲ್ಲುಗಳ ಹಿಂದಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಅವುಗಳಲ್ಲಿ ಒಂದರ ಪಟ್ಟಿಯಲ್ಲಿ ಬ್ರೇಕಿನ ಎದುರು ಸರಿ ಗುರುತು ಇತ್ತು. ಆ ಹುಡುಗ ಮನೆಯಲ್ಲಿ ಕುಳಿತು ಎಲ್ಲಕ್ಕೂ ಒಟ್ಟಿಗೆ ಗುರುತು ಹಾಕಿದ್ದ. ನಾನು ಬೈಯಲಿಲ್ಲ. ನನ್ನ ಪಾಠ ಯೋಜನೆಯ 'ಪೂರ್ವಜ್ಞಾನ ಪರೀಕ್ಷೆ' ಎಂಬ ಕಲಮನ್ನು ನಾನೂ ಹಾಗೆಯೇ ತುಂಬಿದ್ದುಂಟು.

ನಾಲ್ಕನೆಯ ಪಾಠಕ್ಕೆ ಹುಬ್ಬಳ್ಳಿಯ ಬೇಸಿಗೆಯೇ ವಿಷಯ. ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ ಸುಮಾರು 10.7 ಡಿಗ್ರಿ. ಅದಕ್ಕಿಂತ ಹೆಚ್ಚಿದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ರೆಕ್ಕೆ ಮತ್ತು ಎಂಜಿನ್ ಅನುಭವಿಸುವ ಎತ್ತರ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಗೆ ಬಂದ ಉತ್ತರ ಸುಮಾರು 5,450 ಅಡಿ, ಅಂದರೆ 1,660 ಮೀಟರ್. ನಂದಿಬೆಟ್ಟದ ತುದಿ 1,478 ಮೀಟರ್! ಬೆಳಿಗ್ಗೆ 22 ಡಿಗ್ರಿಯಿದ್ದಾಗ ಅದೇ ಲೆಕ್ಕ 3,500 ಅಡಿಗೆ ನಿಲ್ಲುತ್ತದೆ. ಗಾಳಿ ತೆಳುವಾದಷ್ಟೂ ನೆಲ ಬಿಡಲು ಹೆಚ್ಚು ವೇಗ ಬೇಕು, ಆ ವೇಗ ಕೊಡಬೇಕಾದ ಎಂಜಿನ್ ಅಷ್ಟೇ ಬಳಲಿರುತ್ತದೆ. ಇಬ್ಬರು, ತುಂಬಿದ ಟ್ಯಾಂಕ್, ಮಧ್ಯಾಹ್ನ. ನೀವು ಪೈಲಟ್ ಆದರೆ ಏನು ಮಾಡುವಿರಿ ಎಂದು ಗುಂಪುಗಳಿಗೆ ಕೇಳಿದೆ. ಪೆಟ್ರೋಲ್ ಕಡಿಮೆ ಹಾಕುತ್ತೇವೆ, ಒಬ್ಬರನ್ನು ಬಿಡುತ್ತೇವೆ, ಬೆಳಿಗ್ಗೆ ಹೋಗುತ್ತೇವೆ ಎಂಬ ಉತ್ತರಗಳು ಬಂದವು. ಒಂದು ಗುಂಪು "ಹೋಗೂದಿಲ್ರಿ" ಎಂದು ಬರೆದುಕೊಟ್ಟಿತ್ತು. ಅದಕ್ಕೂ ಪೂರ್ಣ ಅಂಕ ಕೊಟ್ಟೆ. ಸಹಪಾಠಿ ವೀಕ್ಷಕರೊಬ್ಬರು ಇದನ್ನು ಒಪ್ಪಲಿಲ್ಲ, ಪ್ರಶ್ನೆಗೆ ಲೆಕ್ಕವೇ ಉತ್ತರವಾಗಬೇಕಿತ್ತು ಎಂದರು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಗಂಟೆ ಹೊಡೆದ ಮೇಲೆ ಟ್ರ್ಯಾಕ್ಟರಿನ ಮನೆಯ ಹುಡುಗಿ ಮೇಜಿನ ಬಳಿ ಬಂದು ನಿಂತಳು. ಹಾರಿಸಲು ಎಷ್ಟು ಓದಿರಬೇಕು ಎಂಬುದು ಅವಳ ಪ್ರಶ್ನೆ. ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ, ಎರಡಕ್ಕೂ ಹತ್ತನೆಯ ತರಗತಿ ಪಾಸಾಗಿರಬೇಕು. ಖಾಸಗಿ ಪರವಾನಗಿಗೆ ವೈದ್ಯಕೀಯ ಪರೀಕ್ಷೆ, ಲಿಖಿತ ಪರೀಕ್ಷೆಗಳು, ಕನಿಷ್ಠ 40 ಗಂಟೆ ಹಾರಾಟ ಬೇಕು. ಉದ್ಯೋಗಕ್ಕಾಗಿ ಹಾರಿಸುವುದಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಕೇಳುತ್ತ ಬಂದಿದ್ದಾರೆ. ರೊಕ್ಕದ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಎಲ್ಲವನ್ನೂ ವಿಜ್ಞಾನದ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡು, "ಮನ್ಯಾಗ ಆರ್ಟ್ಸ್ ತಗೋ ಅಂದಾರ್ರಿ ಸರ" ಎಂದಳು. ಮರುದಿನ ಪಾಲಕರ ಸಭೆಯಿತ್ತು. ಅವಳ ತಂದೆ ಬರುತ್ತಾರೆಯೇ ಎಂದು ಕೇಳಿದೆ. ಬರುತ್ತಾರೆ ಎಂದಳು. ಮಾರ್ಗದರ್ಶಕ ಶಿಕ್ಷಕರಿಗೆ ವಿಷಯ ತಿಳಿಸಿ, ನಾನೂ ಆ ಸಭೆಗೆ ನಿಂತೆ.