ಬೆಲೆ ಗೊತ್ತು, ಕೋನ ಯಾವುದು?

ಪುಣೆ ಜಿಲ್ಲೆಯ ರಾಂಜಣಗಾಂವ ಎಂಐಡಿಸಿ ಕೈಗಾರಿಕಾ ಪ್ರದೇಶದ ಟೂಲ್‌ರೂಮಿನಲ್ಲಿ ಕೆಲಸ ಮಾಡುವ ಅಪ್ಪನಿಗೆ ಮಗಳು ಹನ್ನೆರಡನೆಯ ತರಗತಿಯ ಗಣಿತ ಪುಸ್ತಕ ತೋರಿಸಿ, ‘ಸೈನ್ ಇನ್ವರ್ಸ್ ಅಂದ್ರ ಏನಪಾ?’ ಎಂದು ಕೇಳಿದರೆ, ‘ನಮ್ಮ ಕಾಲಕ್ಕ ಇದೆಲ್ಲಾ ಇರ್ಲಿಲ್ಲವಾ’ ಎಂದು ಜಾರಿಕೊಳ್ಳುವುದೇ ಹೆಚ್ಚು. ಆದರೆ ಬೆಳಗಿನ ಶಿಫ್ಟ್‌ನಲ್ಲಿ ಆತ ಮಾಡಿ ಬಂದದ್ದು ಅದನ್ನೇ. ಸರ್ಫೇಸ್ ಪ್ಲೇಟಿನ ಮೇಲೆ ಎರಡೂ ತುದಿಗೆ ರೋಲರ್ ಇರುವ 200 ಮಿ.ಮೀ.ನ ಸೈನ್ ಬಾರ್ ಇಟ್ಟು, ಅದರ ಮೇಲೆ ಇಳಿಜಾರಿನ ಜಾಬ್ (ಅಳೆಯಬೇಕಾದ ಭಾಗ) ಕೂರಿಸಿ, ಒಂದು ತುದಿಯ ರೋಲರ್ ಕೆಳಗೆ ಸ್ಲಿಪ್ ಗೇಜ್ ಎಂಬ ನಿಖರ ಅಳತೆಯ ತುಂಡುಗಳನ್ನು ಪೇರಿಸುತ್ತಾ ಹೋಗುತ್ತಾನೆ. ಜಾಬಿನ ಮೇಲ್ಮೈ ಉದ್ದಕ್ಕೂ ಡಯಲ್‌ನ ಮುಳ್ಳು ಅಲ್ಲಾಡದೆ ನಿಂತಾಗ ಗೇಜ್‌ಗಳ ಎತ್ತರ ಕೂಡಿಸುತ್ತಾನೆ. 51.76 ಮಿ.ಮೀ. ಬಂತೆನ್ನಿ. ಅದನ್ನು 200ರಿಂದ ಭಾಗಿಸಿದರೆ 0.2588. ಕ್ಯಾಲ್ಕುಲೇಟರಿನಲ್ಲಿ ಶಿಫ್ಟ್ ಒತ್ತಿ ಸೈನ್ ಒತ್ತಿದರೆ 15 ಡಿಗ್ರಿ. ಜಾಬಿನ ಕೋನ ಸಿಕ್ಕಿತು.

ಹತ್ತನೆಯ ತರಗತಿಯಲ್ಲಿ ಕೋನ ಕೊಟ್ಟು ಅನುಪಾತ ಕೇಳುತ್ತಾರೆ. ಹನ್ನೆರಡರಲ್ಲಿ ಅನುಪಾತ ಕೊಟ್ಟು ಕೋನ ಕೇಳುತ್ತಾರೆ. ವಿಲೋಮ ತ್ರಿಕೋನಮಿತಿ ಫಲನ ಎಂದು ಪುಸ್ತಕದಲ್ಲಿ ಭಾರವಾದ ಹೆಸರಿರುವುದರ ಒಳಗೆ ಇರುವುದು ಈ ಹಿಮ್ಮುಖ ಪ್ರಶ್ನೆ ಮಾತ್ರ. ಹಾಗಿದ್ದರೆ ಜಾಣ ಮಕ್ಕಳೂ ಇದರಲ್ಲಿ ಅಂಕ ಕಳೆದುಕೊಳ್ಳುವುದೇಕೆ? ಹಿಂದಕ್ಕೆ ಹೋಗುವಾಗ ದಾರಿ ಕವಲೊಡೆಯುತ್ತದೆ. ಯಾವ ಕವಲು ಹಿಡಿಯಬೇಕೆಂಬ ಕರಾರು ಮನಸ್ಸಿನಲ್ಲಿ ಕೂತಿರದಿದ್ದರೆ ಉಳಿದ ಲೆಕ್ಕವೆಲ್ಲ ಸರಿಯಿದ್ದೂ ಉತ್ತರ ತಪ್ಪುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಸೈನ್, ಕಾಸ್, ಟ್ಯಾನ್ ಗುಂಡಿಗಳು ಬರುತ್ತವೆ. ಡಿಗ್ರಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಸೈನ್ 150 ಒತ್ತಿ: 0.5. ಈಗ ಸೈನ್ ಇನ್ವರ್ಸ್ 0.5 ಒತ್ತಿ. ಬರುವುದು 150 ಅಲ್ಲ, 30. ‘ನಾ 150 ಹಾಕಿದ್ದೆ, ಇದು 30 ಯಾಕ ಕೊಡ್ತು?’ ಎಂದು ಮಗುವನ್ನು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಬಲ್ಲ ಮಗುವಿಗೆ ಅಧ್ಯಾಯದ ಬಹುಪಾಲು ಬಂದಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಉತ್ತರ ಇಷ್ಟೇ. ಸೈನ್ 0.5 ಆಗುವ ಕೋನಗಳು 30, 150, 390, 510 ಹೀಗೆ ಮುಗಿಯುವುದೇ ಇಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗಬೇಕಾದರೆ ಎಲ್ಲರೂ ಒಪ್ಪಿದ ಒಂದು ಪಟ್ಟಿಯೊಳಗಿನ ಕೋನವನ್ನಷ್ಟೇ ಆರಿಸಬೇಕು. ಸೈನ್‌ಗೆ ಆ ಪಟ್ಟಿ ಮೈನಸ್ 90ರಿಂದ 90 ಡಿಗ್ರಿ. ಅದರೊಳಗೆ ಸೈನ್‌ನ ಪ್ರತಿ ಬೆಲೆಯೂ ಒಂದೇ ಒಂದು ಸಲ ಬರುತ್ತದೆ, ಯಾವುದೂ ಬಿಟ್ಟುಹೋಗುವುದಿಲ್ಲ. ಪ್ರಿನ್ಸಿಪಲ್ ವ್ಯಾಲ್ಯೂ, ಪ್ರಧಾನ ಬೆಲೆ ಎಂದು ಮೇಷ್ಟ್ರು ಹೇಳುವುದು ಈ ಪಟ್ಟಿಯೊಳಗಿನ ಕೋನಕ್ಕೆ. ಸೈನ್ ಇನ್ವರ್ಸ್ ಆಫ್ ಸೈನ್ 120 ಎಷ್ಟು ಎಂದು ಕೇಳಿದಾಗ ಎರಡೂ ಹೊಡೆದುಹಾಕಿ 120 ಎಂದು ಬರೆದುಬರುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಉತ್ತರ 60.

ಕಾಸ್‌ಗೆ ಬೇರೆ ಪಟ್ಟಿ ಯಾಕೆ ಎಂಬುದು ಮಕ್ಕಳನ್ನು ಕಾಡುವ ಮುಂದಿನ ಪ್ರಶ್ನೆ. ಮೈನಸ್ 90ರಿಂದ 90ರ ನಡುವೆ ಕಾಸ್ ಎಲ್ಲೂ ಋಣ ಆಗುವುದಿಲ್ಲ, ಸಾಲದ್ದಕ್ಕೆ 1 ಬಿಟ್ಟು ಉಳಿದ ಪ್ರತಿ ಬೆಲೆ ಎರಡೆರಡು ಸಲ ಬರುತ್ತದೆ. ಹಾಗಾಗಿ ಅದಕ್ಕೆ 0ಯಿಂದ 180. ಇದರಿಂದ ಒಂದು ಅನುಕೂಲವೂ ಇದೆ. ತ್ರಿಕೋನದ ಯಾವ ಕೋನವಾದರೂ 0ಗೂ 180ಕ್ಕೂ ನಡುವೆಯೇ ಇರುತ್ತದಲ್ಲ? ಮೂರು ಬಾಹುಗಳ ಅಳತೆಯಿಂದ ಕಾಸ್ ಕಂಡುಹಿಡಿದು ಹಿಂದಕ್ಕೆ ಹೋದರೆ ಲಘುಕೋನವೋ ವಿಶಾಲಕೋನವೋ ಎಂಬ ಅನುಮಾನವೇ ಬರುವುದಿಲ್ಲ. ಸೈನ್ ಹಿಡಿದು ಹೋದರೆ 60ಕ್ಕೂ 120ಕ್ಕೂ ಬೆಲೆ ಒಂದೇ, ಚಿತ್ರ ನೋಡಿಯೇ ತೀರ್ಮಾನಿಸಬೇಕು. ಟ್ಯಾನ್‌ನದು ಮತ್ತೆ ಸೈನ್‌ನ ಹಾದಿ, ಆದರೆ 90 ಮತ್ತು ಮೈನಸ್ 90 ಎರಡೂ ಹೊರಗೆ. ಉಳಿದ ಮೂರು, ಅಂದರೆ ಕಾಟ್, ಸೆಕ್, ಕೋಸೆಕ್, ಇವುಗಳ ಬೆನ್ನಿಗೇ ಬರುತ್ತವೆ. ಮೊದಲ ಮೂರು ಗಟ್ಟಿಯಾದ ಮೇಲೆ ಅವಕ್ಕೆ ಒಂದು ಸಂಜೆ ಸಾಕು.

ಗುರುತಿನ ಗೊಂದಲವೂ ಒಂದಿದೆ. ಸೈನ್ ಮೇಲೆ 2 ಬರೆದರೆ ವರ್ಗ, ಆದರೆ ಮೈನಸ್ 1 ಬರೆದರೆ ವ್ಯುತ್ಕ್ರಮ ಅಲ್ಲ. ಈ ಗುರುತನ್ನು 1813ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಜಾನ್ ಹರ್ಷೆಲ್, ಎರಡು ಶತಮಾನ ಕಳೆದರೂ ಮಕ್ಕಳು ಅವನನ್ನು ಕ್ಷಮಿಸಿದಂತಿಲ್ಲ. ಮತ್ತೆ ಮೊಬೈಲ್ ತಗೊಳ್ಳಿ. ಒಂದನ್ನು ಸೈನ್ 30ರಿಂದ ಭಾಗಿಸಿದರೆ 2. ಸೈನ್ ಇನ್ವರ್ಸ್ 30 ಒತ್ತಿದರೆ ಎರರ್. ಸೈನ್ ಬಾರ್ ಕಂಡ ಅಪ್ಪನಿಗೆ ಈ ಎರರ್ ತಕ್ಷಣ ಅರ್ಥವಾಗುತ್ತದೆ: 200 ಮಿ.ಮೀ. ಬಾರಿನ ತುದಿಯನ್ನು 200ಕ್ಕಿಂತ ಮೇಲೆ ಎತ್ತುವುದಾದರೂ ಹೇಗೆ?

ಅದೇ ಟೂಲ್‌ರೂಮಿನಲ್ಲಿ ಇನ್ನೊಂದು ನಿಯಮ ಇದೆ. 45 ಡಿಗ್ರಿ ದಾಟಿದ ಕೋನಕ್ಕೆ ಸೈನ್ ಬಾರ್ ಬಳಸಬೇಡಿ ಎನ್ನುತ್ತಾರೆ. ಕಾರಣ ಈ ಅಧ್ಯಾಯದ ಗ್ರಾಫಿನಲ್ಲೇ ಇದೆ. ಗೇಜ್ ಎತ್ತರದಲ್ಲಿ 0.01 ಮಿ.ಮೀ. ತಪ್ಪಾದರೆ 15 ಡಿಗ್ರಿಯ ಹತ್ತಿರ ಕೋನ ತಪ್ಪುವುದು ಸುಮಾರು 11 ಸೆಕೆಂಡಿನಷ್ಟು (ಒಂದು ಡಿಗ್ರಿಗೆ 3600 ಸೆಕೆಂಡ್). 80 ಡಿಗ್ರಿಯ ಹತ್ತಿರ ಅದೇ 0.01 ಮಿ.ಮೀ. ಸುಮಾರು 59 ಸೆಕೆಂಡ್ ತಪ್ಪಿಸುತ್ತದೆ. ಅಲ್ಲಿ ಸೈನ್ ಗೆರೆ ಚಪ್ಪಟೆಯಾಗುತ್ತದೆ, ಅದನ್ನು ತಿರುಗಿಸಿ ಬರೆದ ಸೈನ್ ಇನ್ವರ್ಸ್ ಗೆರೆ ಕಡಿದಾಗುತ್ತದೆ. ಗ್ರಾಫ್ ಬಿಡಿಸುವುದು ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟುಬಿಡುವ ಮಕ್ಕಳಿಗೆ ಇದನ್ನು ಅಪ್ಪನೇ ಹೇಳಿದರೆ ಮೇಷ್ಟ್ರು ಹೇಳಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ. ಮೂರು ಗ್ರಾಫ್‌ಗಳನ್ನು ಪುಸ್ತಕ ನೋಡದೆ ಬಿಡಿಸುವವರೆಗೆ ಸೂತ್ರಗಳ ಕಡೆಗೆ ಹೋಗುವುದೇ ಬೇಡ.

ಸೂತ್ರಗಳ ವಿಷಯಕ್ಕೆ ಬಂದರೆ, ಕೋಚಿಂಗ್‌ಗಳಲ್ಲಿ ಹಂಚುವ ಫಾರ್ಮುಲಾ ಹಾಳೆಯ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಒಂದು ಉದಾಹರಣೆ ಸಾಕು. ಎರಡು ಟ್ಯಾನ್ ಇನ್ವರ್ಸ್‌ಗಳನ್ನು ಕೂಡಿಸುವ ಸೂತ್ರ ಎಲ್ಲರ ಬಾಯಲ್ಲೂ ಇರುತ್ತದೆ: ಎರಡು ಸಂಖ್ಯೆಗಳ ಮೊತ್ತವನ್ನು, ಒಂದರಿಂದ ಅವುಗಳ ಗುಣಲಬ್ಧ ಕಳೆದದ್ದರಿಂದ ಭಾಗಿಸಿ, ಟ್ಯಾನ್ ಇನ್ವರ್ಸ್ ತೆಗೆದುಕೊಳ್ಳಿ. 2 ಮತ್ತು 3ಕ್ಕೆ ಹಾಕಿ ನೋಡಿ. ಮೊತ್ತ 5, ಒಂದರಿಂದ 6 ಕಳೆದರೆ ಮೈನಸ್ 5, ಭಾಗಲಬ್ಧ ಮೈನಸ್ 1, ಉತ್ತರ ಮೈನಸ್ 45 ಡಿಗ್ರಿ. ಆದರೆ ಟ್ಯಾನ್ ಇನ್ವರ್ಸ್ 2 ಅಂದರೆ 63.43 ಡಿಗ್ರಿ, ಟ್ಯಾನ್ ಇನ್ವರ್ಸ್ 3 ಅಂದರೆ 71.57. ಎರಡು ಧನ ಕೋನ ಕೂಡಿಸಿದರೆ ಋಣ ಬರಲು ಸಾಧ್ಯವೇ? ಸರಿಯಾದದ್ದು 135. ಗುಣಲಬ್ಧ ಒಂದಕ್ಕಿಂತ ಹೆಚ್ಚಾದಾಗ, ಎರಡೂ ಧನ ಸಂಖ್ಯೆಗಳಾದರೆ, 180 ಕೂಡಿಸಬೇಕೆಂಬ ಷರತ್ತು ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಲೆಕ್ಕ ಶುರು ಮಾಡುವ ಮೊದಲು ಉತ್ತರ ಅಂದಾಜು ಎಷ್ಟು ಡಿಗ್ರಿ ಇರಬಹುದೆಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುವ ರೂಢಿ ಮಾಡಿಸಿ. ನೂರು ಲೆಕ್ಕ ಓಡಿಸುವುದಕ್ಕಿಂತ ಅಂದಾಜು ಬರೆದು ಮಾಡಿದ ಮೂವತ್ತು ಲೆಕ್ಕ ಮೇಲು.

ಇನ್ನು ಕೆಲವು ಲೆಕ್ಕಗಳಿಗೆ ಸೂತ್ರವೇ ಬೇಡ. ಟ್ಯಾನ್ ಇನ್ವರ್ಸ್ ಮುಕ್ಕಾಲು ಎಂಬ ಕೋನದ ಸೈನ್ ಎಷ್ಟು? ಅಭಿಮುಖ ಬಾಹು 3, ಪಾರ್ಶ್ವ ಬಾಹು 4 ಇರುವ ಲಂಬಕೋನ ತ್ರಿಕೋನ ಬಿಡಿಸಿದರೆ ವಿಕರ್ಣ 5, ಉತ್ತರ ಐದರಲ್ಲಿ ಮೂರು. ಹತ್ತನೆಯ ತರಗತಿ ಮುಗಿಸಿದ ಅಮ್ಮನೂ ಇದನ್ನು ಮಾಡಿಸಬಲ್ಲಳು. ಮಗು ಇಲ್ಲೇ ತಡವರಿಸಿದರೆ ತೊಂದರೆ ಇರುವುದು ಹನ್ನೆರಡರ ಪಾಠದಲ್ಲಲ್ಲ. ಸಂಕೋಚ ಬಿಟ್ಟು ಹತ್ತರ ಪುಸ್ತಕ ತೆಗೆಯಿರಿ.

ನಮ್ಮೂರು ರಾಂಜಣಗಾಂವದಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ದಕ್ಷಿಣಾಯನದ ಹೊತ್ತಿಗೆ ಸೂರ್ಯನ ಕಿರಣ ನೇರ ಮೂರ್ತಿಯ ಮೇಲೆ ಬೀಳುವಂತೆ ಇಲ್ಲಿನ ಮಹಾಗಣಪತಿಯ ಪೂರ್ವಾಭಿಮುಖ ಗುಡಿ ಕಟ್ಟಲಾಗಿದೆ ಎಂದು ದರ್ಶನಕ್ಕೆ ಬಂದವರಿಗೆಲ್ಲ ಹೇಳುತ್ತಾರೆ. ಸೂರ್ಯನ ಕೋನವನ್ನು ನಾವೂ ಅಳೆಯಬಹುದು. ಮಾರ್ಚ್ 21ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 40 ನಿಮಿಷದ ಆಸುಪಾಸು, ತಾರಸಿಯ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಗಡಿಯಾರದ 12ಕ್ಕೇ ಯಾಕಲ್ಲ ಅಂದರೆ ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ರಾಂಜಣಗಾಂವ ಇರುವುದು ಅದಕ್ಕಿಂತ ಎಂಟು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ನೆರಳು ಸುಮಾರು 34 ಸೆಂ.ಮೀ. ಬರಬೇಕು. ಟ್ಯಾನ್ ಇನ್ವರ್ಸ್ 0.34 ಎಂದರೆ ಸುಮಾರು 18.8 ಡಿಗ್ರಿ. ಆ ದಿನ ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುವುದರಿಂದ ಅದೇ ಈ ಊರಿನ ಅಕ್ಷಾಂಶ. ಒಂದು ಸೆಂಟಿಮೀಟರ್ ಹೆಚ್ಚು ಅಳೆದರೆ ಅರ್ಧ ಡಿಗ್ರಿ ತಪ್ಪುತ್ತದೆ, ಭೂಮಿಯ ಮೇಲೆ ಅದು 50 ಕಿಲೋಮೀಟರ್‌ಗೂ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಇದೇ ಕೋಲಿನ ಮಧ್ಯಾಹ್ನದ ನೆರಳು 90 ಸೆಂ.ಮೀ. ದಾಟುತ್ತದೆ, ಯಾಕೆಂದು ಮಗುವೇ ಲೆಕ್ಕ ಹಾಕಲಿ.

ಕೋನವನ್ನು ಹೀಗೆ ಹಿಂದಕ್ಕೆ ಹುಡುಕುವ ಕೆಲಸ ನಮ್ಮವರಿಗೆ ಹಳೆಯದು. ಟ್ಯಾನ್ ಇನ್ವರ್ಸ್‌ನ ಅನಂತ ಶ್ರೇಣಿಯನ್ನು ಯೂರೋಪಿನಲ್ಲಿ ಜೇಮ್ಸ್ ಗ್ರೆಗರಿ ಕಂಡುಕೊಂಡದ್ದು 1671ರಲ್ಲಿ. ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಗೆ ಅದು ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. 1530ರ ಸುಮಾರಿಗೆ ಜ್ಯೇಷ್ಠದೇವ ಮಲಯಾಳಂನಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲಿ ಅದರ ಸಾಧನೆಯೂ ಇದೆ.

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ, ಪಕ್ಕದ ಕಾರೇಗಾಂವದಲ್ಲಿ ಮನೆ ಮಾಡಿರುವವರು ಒಂದು ಗಮನದಲ್ಲಿಡಬೇಕು. ಕರ್ನಾಟಕದ ದ್ವಿತೀಯ ಪಿಯುಗೂ ಸಿಬಿಎಸ್‌ಇಗೂ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ, ಇದು ಅದರಲ್ಲಿ ಎರಡನೆಯ ಅಧ್ಯಾಯ. ಮಹಾರಾಷ್ಟ್ರ ಬೋರ್ಡಿನಲ್ಲಿ ಮೊದಲ ಭಾಗದ ಮೂರನೆಯ ಅಧ್ಯಾಯದ ಒಳಗೆ, ತ್ರಿಕೋನಮಿತಿಯ ಸಮೀಕರಣ ಮತ್ತು ತ್ರಿಕೋನ ಬಿಡಿಸುವಿಕೆಯ ಜೊತೆಗೆ ಬರುತ್ತದೆ. ವರ್ಷದ ನಡುವೆ ಊರು ಬದಲಿಸಿದ ಮಗುವಿಗೆ ಈ ಎರಡರ ನಡುವೆ ಪಾಠವೇ ತಪ್ಪಿಹೋಗಬಹುದು. ಎನ್‌ಸಿಇಆರ್‌ಟಿ ಪಠ್ಯವನ್ನು 2022ರಲ್ಲಿ ಹಗುರಗೊಳಿಸಿದಾಗ ಈ ಅಧ್ಯಾಯದ ಹಲವು ಗುಣಧರ್ಮಗಳು ಹೊರಗುಳಿದವು. ಆದರೆ ಜೆಇಇ ಮೇನ್‌ನ ಪಠ್ಯಕ್ರಮದಲ್ಲಿ ಗುಣಧರ್ಮಗಳು ಉಳಿದಿವೆ, ಅದನ್ನು ಬರೆಯುವ ಮಗು ಬೋರ್ಡಿನ ಪುಸ್ತಕ ಒಂದನ್ನೇ ನಂಬಿ ಕೂರಬಾರದು.

ಈ ಪಾಠವನ್ನು ಡಿಸೆಂಬರ್‌ವರೆಗೆ ಮುಂದೂಡಲೂ ಬಾರದು. ಡಿಫರೆನ್ಷಿಯೇಷನ್‌ನಲ್ಲಿ, ಇಂಟಿಗ್ರೇಷನ್‌ನಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಅಲ್ಲಿ ಡಿಗ್ರಿ ನಡೆಯುವುದಿಲ್ಲ, ರೇಡಿಯನ್ನೇ ಬೇಕು. ಒಂದನ್ನು, ಒಂದು ಕೂಡಿಸು ಎಕ್ಸ್ ವರ್ಗದಿಂದ ಭಾಗಿಸಿ, ಸೊನ್ನೆಯಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಿದರೆ ಟ್ಯಾನ್ ಇನ್ವರ್ಸ್ 1 ಬರುತ್ತದೆ. ಮಗು ಅದಕ್ಕೆ 45 ಎಂದು ಬರೆದಿದ್ದರೆ ಗ್ರಾಫ್ ತೋರಿಸಿ ಕೇಳಿ: ಗೆರೆಯ ಎತ್ತರ ಎಲ್ಲೂ ಒಂದನ್ನು ದಾಟುವುದಿಲ್ಲ, ಅಗಲವೂ ಒಂದೇ. ಅದರ ಕೆಳಗಿನ ಕ್ಷೇತ್ರಫಲ 45 ಆಗುವುದು ಹೇಗೆ? ಉತ್ತರ ನಾಲ್ಕರಲ್ಲಿ ಪೈ, ಅಂದರೆ 0.785.