ಖಾತೆಗೆ ಬಂದರೂ ನಿಮ್ಮದಲ್ಲದ ಹಣ

ಬಿಟ್‌ಕಾಯಿನ್ ಮಾರಲು ಹೊರಟಿದ್ದೀರಾ? ಕೊಳ್ಳುವವನು "ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡುತ್ತೇನೆ, ಮಾರುಕಟ್ಟೆ ದರಕ್ಕಿಂತ ಹೆಚ್ಚೇ ಕೊಡುತ್ತೇನೆ" ಎಂದರೆ ಒಂದು ಗಳಿಗೆ ತಡೆಯಿರಿ. ಆ ಹೆಚ್ಚಿನ ದುಡ್ಡಿನ ಮೇಲೇ ಮೊದಲು ಅನುಮಾನ ಬರಬೇಕು.

ಕಾರ್ಡ್‌ನ ಹಣ ಖಾತೆಯಲ್ಲಿ ಕಂಡ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಕಾರ್ಡ್ ಕದ್ದದ್ದಾಗಿದ್ದರೆ, ಅದರ ನಿಜವಾದ ಒಡೆಯರು ತಿಂಗಳ ಬಿಲ್ ನೋಡಿ ಗಾಬರಿಯಾಗಿ ಬ್ಯಾಂಕಿಗೆ ದೂರು ಕೊಡುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ. ತಕರಾರು ಎತ್ತಿದವರ ತಪ್ಪೇನೂ ಇಲ್ಲ, ಅವರೂ ಮೋಸಹೋದವರೇ. ಆದರೆ ಹಣ ವಾಪಸಾಗುವುದು ನಿಮ್ಮ ಖಾತೆಯಿಂದ. ಅದರ ಮೇಲೆ ಶುಲ್ಕವನ್ನೂ ಹಾಕಬಹುದು.

ನೀವು ಕಳಿಸಿದ ಬಿಟ್‌ಕಾಯಿನ್ ಮಾತ್ರ ವಾಪಸಾಗದು. ಅದರ ದಾಖಲೆಗೆ ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಟ್ಟು, ಸೇರುತ್ತದೆ. 6 ಬ್ಲಾಕ್ ಸೇರಿದರೆ, ಅಂದರೆ ಒಂದು ಗಂಟೆಯಲ್ಲಿ, ಆ ವ್ಯವಹಾರ ಮುಗಿದಂತೆ. ರದ್ದು ಮಾಡಿಸಲು ಯಾವ ಬ್ಯಾಂಕಿನ ಬಾಗಿಲೂ ಇಲ್ಲ.

ಗುರುತಿನ ಚೀಟಿಯ ಫೋಟೊ ಕಳಿಸಿದನೆಂದೂ ನಂಬಬೇಡಿ. ಕಾರ್ಡ್ ಕದ್ದವನಿಗೆ ಅದನ್ನು ಕದಿಯುವುದು ದೊಡ್ಡ ಕೆಲಸವಲ್ಲ.

ಅಪರಿಚಿತರಿಗೆ ಕಾರ್ಡ್ ಹಣಕ್ಕೆ ಬಿಟ್‌ಕಾಯಿನ್ ಮಾರಲೇಬೇಡಿ. ಈಗಾಗಲೇ ಮೋಸಹೋಗಿದ್ದರೆ, ನಾಚಿಕೊಂಡು ಸುಮ್ಮನಿರದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.